ಭಗವತಿ ನೇಚರ್ ಕ್ಯಾಂಪ್: ಮಕ್ಕಳು, ಅಜ್ಜ-ಅಜ್ಜಿ ಸಮೇತ ಹೋಗುವವರಿಗೆ

ಮಂಗಳೂರು, ಉಡುಪಿಯವರು ಎರಡು ದಿನ ಸೆಕೆ ಮರೆತು ಮಲಗಲು ಊಟಿ, ಕೊಡಗು ಎಂದು ಅಷ್ಟು ದೂರ ಹೋಗಬೇಕಾಗಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ, ಭದ್ರೆಯ ಬದಿಯಲ್ಲಿರುವ ಭಗವತಿ ನೇಚರ್ ಕ್ಯಾಂಪ್ ಮಂಗಳೂರಿನಿಂದ ಹೆಚ್ಚುಕಮ್ಮಿ ನೂರು ಕಿ.ಮೀ. ಮೂಡುಬಿದಿರೆ, ಕಾರ್ಕಳ, ಬಜಗೋಳಿ, ಮಾಳ ದಾಟಿ ಘಾಟಿ ಹತ್ತಿದರೆ ಎಸ್.ಕೆ. ಬಾರ್ಡರ್, ಅಂದರೆ ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ. ಅಲ್ಲಿ ಎಡಕ್ಕೆ ಹೋದರೆ ಕೆರೆಕಟ್ಟೆ, ಶೃಂಗೇರಿ. ಬಲಕ್ಕೆ ತಿರುಗಿದರೆ ಕುದುರೆಮುಖ, ಕಳಸದ ದಾರಿ. ಕ್ಯಾಂಪ್ ಈ ಬಲಗಡೆಯ ದಾರಿಯಲ್ಲಿದೆ. ಜಾಗದ ಬಗ್ಗೆ ಎರಡು ಮಾತಿಲ್ಲ, ಹೋಗಲೇಬೇಕು. ಆದರೆ ಯಾವ ತಿಂಗಳಲ್ಲಿ ಹೋಗುತ್ತೀರಿ, ಟೆಂಟ್ ಹಿಡಿಯುತ್ತೀರೋ ಕಾಟೇಜ್ ಹಿಡಿಯುತ್ತೀರೋ ಎನ್ನುವುದರ ಮೇಲೆ ಮನೆಮಂದಿಯೆಲ್ಲ ಖುಷಿಯಾಗಿ ಬರುವುದೋ, ಮೂಗು ಸುರಿಸಿಕೊಂಡು ಬರುವುದೋ ತೀರ್ಮಾನವಾಗುತ್ತದೆ.

ಕರಾವಳಿಯವರು ಚಳಿಗೆ ಹೆದರಿ ಸ್ವೆಟರ್ ತುಂಬಿಸಿಕೊಂಡು ಹೋಗುತ್ತಾರೆ. ಸಾವಿರ ಮೀಟರ್ ಎತ್ತರಕ್ಕೆ ಸುಮಾರು 6.5 ಡಿಗ್ರಿ ಉಷ್ಣಾಂಶ ಇಳಿಯುತ್ತದೆ ಎಂಬ ಲೆಕ್ಕದಲ್ಲಿ ಈ ಕಣಿವೆ ಮಂಗಳೂರಿಗಿಂತ ಐದಾರು ಡಿಗ್ರಿ ತಂಪು. ಮೋಡವಿಲ್ಲದ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ತಗ್ಗಿಗೆ ಇಳಿದು ನಿಲ್ಲುವುದರಿಂದ ಇನ್ನೂ ಕಡಿಮೆ. ಅದು ಒಂದು ಕಂಬಳಿ, ಒಂದು ಮಂಕಿ ಕ್ಯಾಪ್, ಎರಡು ಜೊತೆ ಕಾಲುಚೀಲಕ್ಕೆ ಬಗ್ಗುವ ಚಳಿ. ಬಗ್ಗದೇ ಇರುವುದು ಪಸೆ. ಒಮ್ಮೆ ಒದ್ದೆಯಾದ ಚಾದರ ಮರುದಿನ ಮಧ್ಯಾಹ್ನದವರೆಗೂ ಒಣಗುವುದಿಲ್ಲ, ಮಕ್ಕಳ ನಿದ್ದೆ ಕೆಡಲು ಅಷ್ಟೇ ಸಾಕು.

ಟೆಂಟ್‌ನಲ್ಲಿ ಈ ಪಸೆ ಬರುವುದು ಹೊರಗಿನಿಂದ ಮಾತ್ರ ಅಲ್ಲ. ಒಬ್ಬೊಬ್ಬರ ಉಸಿರು, ಬೆವರಿನಿಂದ ರಾತ್ರಿಗೆ ಕಾಲು ಲೀಟರ್‌ನಷ್ಟು ನೀರು ಗಾಳಿಗೆ ಸೇರುತ್ತದೆ. ನಾಲ್ವರು ಮಲಗಿದರೆ ಬೆಳಿಗ್ಗೆಗೆ ಒಂದು ಲೀಟರ್. ಚಳಿ ಎಂದು ಕಿಟಕಿಯ ಪರದೆಗಳನ್ನೆಲ್ಲ ಮುಚ್ಚಿ ಮಲಗಿದರೆ ಅಷ್ಟೂ ನೀರು ತಣ್ಣನೆಯ ಬಟ್ಟೆಯ ಮೇಲೆ ಹನಿಗಟ್ಟಿ ಹಾಸಿಗೆಗೆ ಇಳಿಯುತ್ತದೆ. ‘ಟೆಂಟ್ ಸೋರುತ್ತದೆ’ ಎಂಬ ದೂರಿನ ಹಿಂದೆ ಹಲವು ಸಲ ಇದೇ ಇರುತ್ತದೆ. ಎದುರುಬದುರಿನ ಎರಡು ಕಿಟಕಿಗಳ ಹೊರಪರದೆಯನ್ನು ಮೇಲ್ಗಡೆ ನಾಲ್ಕು ಬೆರಳು ತೆರೆದಿಡಿ. ಒಳಗಿನ ಸೊಳ್ಳೆಬಲೆಯ ಜಿಪ್ ಮಾತ್ರ ಪೂರ್ತಿ ಹಾಕಿರಲಿ. ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದುಕೊಳ್ಳಿ. ಹತ್ತಿ ಕ್ಯಾನ್ವಾಸ್ ಆಗಿದ್ದರೆ ಮಳೆ ಬರುವಾಗ ಒಳಗಿನಿಂದ ಮುಟ್ಟಬಾರದು, ಬೆರಳು ಸೋಕಿದ ಕಡೆಯಿಂದಲೇ ನೀರು ಜಿನುಗಲು ಶುರುವಾಗುತ್ತದೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಬೇಕು. ಒದ್ದೆ ಟವೆಲ್ ಒಳಗೆ ಹಗ್ಗ ಕಟ್ಟಿ ಹಾಕುವುದಂತೂ ಬೇಡವೇ ಬೇಡ.

ಹಾಗಾಗಿ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಟೆಂಟ್. ಅಕ್ಟೋಬರ್, ನವೆಂಬರ್‌ನ ಹಿಂಗಾರಿನಲ್ಲಿ ಮತ್ತು ಸಂಜೆ ಗುಡುಗು ಮಳೆ ಬರುವ ಏಪ್ರಿಲ್, ಮೇನಲ್ಲಿ ಕಾಟೇಜ್. ಎಪ್ಪತ್ತು ದಾಟಿದ ಅಜ್ಜಿ ಜೊತೆಗಿದ್ದರೆ ಯಾವ ತಿಂಗಳಾದರೂ ಕಾಟೇಜ್‌ ಒಳ್ಳೆಯದು, ರಾತ್ರಿ ಎರಡು ಸಲ ಏಳುವವರಿಗೆ ಜಿಪ್ ಹುಡುಕುವ ಕಷ್ಟ ಯಾಕೆ? ಮಳೆಗಾಲದಲ್ಲಿ ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಹೋಗುವುದು ನಮ್ಮ ಮಟ್ಟಿಗೆ ಬೇಡ. ಮೆಟ್ಟಿಲು, ಬಂಡೆಗಳ ಮೇಲೆಲ್ಲ ಹಾವಸೆ. ಸವೆದ ಹವಾಯಿ ಚಪ್ಪಲಿ ಅಲ್ಲಿ ನಿಲ್ಲುವುದಿಲ್ಲ.

ಬುಕ್ ಮಾಡುವಾಗ ದರ ತಲೆಲೆಕ್ಕವೋ ಕೋಣೆಲೆಕ್ಕವೋ, ಊಟ-ತಿಂಡಿ, ಉದ್ಯಾನದ ಪ್ರವೇಶ ಶುಲ್ಕ ಅದರಲ್ಲೇ ಸೇರಿದೆಯೋ, ಎಷ್ಟು ವರ್ಷದವರೆಗೆ ಮಕ್ಕಳ ದರ ಎಂದು ಕೇಳಿ. ಕುಚ್ಚಲಕ್ಕಿ ಅನ್ನವೇ ಬೇಕೆನ್ನುವ ಹಿರಿಯರಿದ್ದರೆ ಅದನ್ನೂ ಕೇಳಿ. ಇಲ್ಲವೆಂದರೆ ಎರಡು ದಿನಕ್ಕೆ ಅವಲಕ್ಕಿ, ಉಪ್ಪಿನಕಾಯಿ ಜೊತೆಗಿರಲಿ. ಬುಕಿಂಗ್ ಕಾಗದವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಬೇಕು, ಚೆಕ್‌ಪೋಸ್ಟ್‌ನಲ್ಲಿ ತೋರಿಸುವಾಗ ಮೊಬೈಲ್ ಸಿಗ್ನಲ್ ನಂಬಿ ಕೂರಲಾಗದು. ಗೇಟಿನಲ್ಲಿ ಗಾಡಿಯ ನಂಬರು, ಸಮಯ ಬರೆದ ಚೀಟಿ ಕೊಡುತ್ತಾರೆ. ಕಾಡಿನ ನಡುವೆ ಗಾಡಿ ನಿಲ್ಲಿಸಿ ಊಟ ಬಿಚ್ಚುವಂತಿಲ್ಲ. ಪೆಟ್ರೋಲ್, ಎಟಿಎಂ ಕೆಲಸ ಕಾರ್ಕಳದಲ್ಲೇ ಮುಗಿಸಿ, ಹಗಲಿರುವಾಗಲೇ ಘಾಟಿ ಹತ್ತಿ. ಸ್ನಾನ ಸಂಜೆಯೇ ಆಗಲಿ. ಸೋಲಾರ್ ಬಿಸಿನೀರಾದರೆ ಹಗಲಿನ ಬಿಸಿಲಿನದು ಸಂಜೆಗೆ ಚೆನ್ನಾಗಿರುತ್ತದೆ, ಮಂಜು ಕವಿದ ಬೆಳಿಗ್ಗೆ ಉಗುರುಬೆಚ್ಚಗೆ ಸಿಕ್ಕರೆ ಹೆಚ್ಚು.

ಒಂದು ಅಪಾಯದ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಚಳಿ ಕಾಯಿಸಲು ಕೆಂಡದ ಪಾತ್ರೆಯನ್ನು ಟೆಂಟ್ ಅಥವಾ ಬಾಗಿಲು ಮುಚ್ಚಿದ ಕೋಣೆಯೊಳಗೆ ಇಡಲೇಬಾರದು. ಹೊಗೆಯಿಲ್ಲದ ಕೆಂಡದಿಂದಲೂ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಹೊರಗೂ ಬೆಂಕಿ ಸಿಬ್ಬಂದಿ ಹಾಕಿದ ಕಡೆ ಮಾತ್ರ. ಜನವರಿ ದಾಟಿತೆಂದರೆ ಗುಡ್ಡದ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿ ಇಡೀ ಗುಡ್ಡವನ್ನೇ ಬೋಳು ಮಾಡೀತು.

ಸುತ್ತ ನೋಡಲು ಬೇಕಾದಷ್ಟಿದೆ. ಹನುಮನಗುಂಡಿ ಜಲಪಾತಕ್ಕೆ ಮೆಟ್ಟಿಲಿಳಿದು ಹೋಗಬೇಕು, ಮಂಡಿನೋವಿನವರಿಗೆ ಹತ್ತುವಾಗ ತ್ರಾಸ. ಕಡಾಂಬಿ ಜಲಪಾತ ರಸ್ತೆ ಬದಿಯಲ್ಲೇ ಕಾಣುತ್ತದೆ. ಬೆಳಿಗ್ಗೆ ಆರರಿಂದ ಎಂಟರವರೆಗೆ ಸದ್ದು ಮಾಡದೆ ಕೂತರೆ ಕೆಂಜಳಿಲು, ಅದೃಷ್ಟವಿದ್ದರೆ ಸಿಂಗಳೀಕ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಸೀಮೆಯಿದು. ದೊಡ್ಡ ಮಕ್ಕಳಿದ್ದರೆ ಇನ್ನೊಂದು ಸಂಗತಿ ಹೇಳಿ: ಈ ಬೆಟ್ಟದ ಕಬ್ಬಿಣದ ಅದಿರು ಕೆಸರಿನ ರೂಪದಲ್ಲಿ 67 ಕಿ.ಮೀ. ಕೊಳವೆಯಲ್ಲಿ ಹರಿದು ಪಣಂಬೂರಿಗೆ ಬರುತ್ತಿತ್ತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ನಾವು ಕುಡಿಯುವ ನೇತ್ರಾವತಿಯ ನೀರಿಗೂ ಆ ಬೆಟ್ಟಕ್ಕೂ ಇರುವ ನಂಟು ಅಲ್ಲಿ ನಿಂತಾಗ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ಹೆಬ್ರಿ ಬಳಿಯ ಸೀತಾನದಿ ಕ್ಯಾಂಪ್ ಉಡುಪಿಗೆ ಇನ್ನೂ ಹತ್ತಿರ, ಹೊಳೆಯೂ ಚೆಂದ. ಆದರೆ ಅದು ಘಾಟಿಯ ಕೆಳಗಿದೆ, ತಂಪಿಗಾಗಿ ಹೋಗುವ ಜಾಗವಲ್ಲ.

ಕೊನೆಗೆ ರಕ್ತ ಹೀರುವ ಎರಡು ಜೀವಿಗಳ ವಿಷಯ. ಮಳೆಯ ತಿಂಗಳುಗಳಲ್ಲಿ ಉಂಬಳ. ಅದಕ್ಕೆ ಪ್ಯಾಂಟಿನ ತುದಿಯನ್ನು ಒಳಗೆ ಸೇರಿಸಿ ಮೊಣಕಾಲುದ್ದದ ಒತ್ತು ನೇಯ್ಗೆಯ ಕಾಲುಚೀಲ ಹಾಕಿಕೊಂಡರೆ ಸಾಕು. ಕಚ್ಚಿದ್ದಕ್ಕೆ ಉಪ್ಪು ಸುರಿಯುವುದಕ್ಕಿಂತ ಬಾಯಿಯ ಬುಡಕ್ಕೆ ಉಗುರು ತೂರಿಸಿ ಸರಿಸುವುದು ಮೇಲು. ಉಪ್ಪಿಗೆ ಅದು ಹೀರಿದ್ದನ್ನು ಗಾಯಕ್ಕೇ ಕಕ್ಕಬಹುದು. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ ಸ್ವಲ್ಪ ಹೊತ್ತು ಒಸರುತ್ತದೆ, ಗಾಬರಿ ಬೇಡ.

ಗಾಬರಿಯಲ್ಲದಿದ್ದರೂ ನಿಗಾ ಬೇಕಾದದ್ದು ಉಣುಗಿನ ಮೇಲೆ. ಉಣುಗು ಕಚ್ಚಿ ಹರಡುವ ಮಲೆನಾಡಿನ ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ಹರಡುವ ಕಾಲ ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಟೆಂಟ್‌ಗೆ ಒಳ್ಳೆಯದೆಂದ ತಿಂಗಳುಗಳೂ ಅದರಲ್ಲೇ ಬರುತ್ತವೆ. ತರಗೆಲೆಯ ಮೇಲೆ ಕೂರಬೇಡಿ, ಕಾಲು-ಕೈಗೆ ಉಣುಗು ಹತ್ತದಂತೆ ತಡೆಯುವ ಡೇಪಾ (DEPA) ಎಣ್ಣೆ ಹಚ್ಚಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಸಂಜೆ ಮಕ್ಕಳ ಕಿವಿಯ ಹಿಂದೆ, ಕಂಕುಳು, ಸೊಂಟದ ಲಾಡಿಯ ಸುತ್ತ ಟಾರ್ಚ್ ಹಾಕಿ ನೋಡಿ. ಎಳೆಯ ಉಣುಗು ಎಳ್ಳಿಗಿಂತಲೂ ಸಣ್ಣದು. ಮನೆಗೆ ಬಂದ ಮೇಲೆ ಬಟ್ಟೆಗಳನ್ನೆಲ್ಲ ಬಿಸಿನೀರಿಗೆ ಹಾಕಿ. ಮುಂದಿನ ಹತ್ತು ದಿನದೊಳಗೆ ಯಾರಿಗಾದರೂ ತಲೆನೋವು, ಮೈಕೈ ನೋವಿನೊಂದಿಗೆ ಜೋರು ಜ್ವರ ಬಂದರೆ, ಕುದುರೆಮುಖದ ಕಾಡಿಗೆ ಹೋಗಿ ಬಂದದ್ದನ್ನು ಡಾಕ್ಟರಿಗೆ ಮೊದಲ ಮಾತಲ್ಲೇ ಹೇಳಿ.