ಕಬ್ಬಿಣದ ಟ್ಯಾಂಕ್‌ನಾಗ ಬೋರ್ಡೋ ಕಲಸೋರನ್ನ ಹೊಲಕ್ಕ ಬಿಟ್ಕೋಬ್ಯಾಡ್ರಿ

ಕುಷ್ಟಗಿ ಕಡೆ ದಾಳಿಂಬ್ರಿ ಹಚ್ಚಿದೋರೆಲ್ಲ ದಯವಿಟ್ಟು ಓದ್ರಿ. ಅಂಗಮಾರಿ ರೋಗಕ್ಕ ಬೋರ್ಡೋ (ಮೈಲುತುತ್ತ, ಸುಣ್ಣ ನೀರಾಗ ಕಲಸಿದ ಔಷಧಿ) ಹೊಡಿಸಾಕ ಅಂತ ಬಾಡಿಗಿ ಸ್ಪ್ರೇದವನ್ನ ಕರಸಿದ್ದೆ, ಔಷಧಿ, ಕೂಲಿ ಎಲ್ಲಾ ಅವಂದ, ರೊಕ್ಕ ಮೊದಲೇ ಇಸ್ಕೊಂಡಿದ್ದ. 500 ಲೀಟರ್‌ಗೆ 5 ಕೇಜಿ ಮೈಲುತುತ್ತ (ಕಾಪರ್ ಸಲ್ಫೇಟ್), 5 ಕೇಜಿ ಸುಣ್ಣ, ಎಲ್ಲಾರಿಗೂ ಗೊತ್ತಿರೋ ಲೆಕ್ಕ. ಟ್ಯಾಂಕ್ ಕಬ್ಬಿಣದ್ದು ಐತಲ್ಲೋ ತಮ್ಮಾ ಅಂತ ಮೊದಲೇ ಕೇಳೀನಿ. "ಏನೂ ಆಗಂಗಿಲ್ರಿ ಅಣ್ಣಾರ, ಎಲ್ಲಾ ಕಡೆ ಇದ್ರಾಗೇ ಹೊಡಿತೀವಿ" ಅಂದ. ಮೈಲುತುತ್ತ ರಾತ್ರಿನೇ ಅದ್ರಾಗ ಕರಗಿಸಿಟ್ಕೊಂಡು ಬಂದಿದ್ದ.

ಮುಂಜಾನೆ ಸುಣ್ಣದ ನೀರು ಸುರಿದ. ಬೋರ್ಡೋ ಅಂದ್ರ ಆಕಾಶದ ಬಣ್ಣ ಬರಬೇಕಲ್ಲ, ಇದು ಹೊಲಸು ಹಸಿರು, ನೋಡ್ನೋಡ್ತಾ ಕಂದು ತಿರುಗಾಕ ಹತ್ತಿತು. ಕೇಳಿದ್ರ "ಸುಣ್ಣದ ಕ್ವಾಲಿಟಿ ಹಂಗೈತ್ರಿ" ಅಂದು ಪೈಪ್ ಹಿಡಿದು ಹೊಡಿಯಾಕ ಶುರು ಮಾಡೇಬಿಟ್ಟ. ಖಾಲಿ ಆದಮ್ಯಾಲೆ ಟ್ಯಾಂಕ್ ಒಳಗ ಟಾರ್ಚ್ ಬಿಟ್ಟು ನೋಡಿದೆ. ಎದಿ ಧಸಕ್ ಅಂತು. ಒಳಗೆಲ್ಲಾ ಕೆಂಪು ಪದರ, ತಳದಾಗ ಕೆಂಪು ಕೆಸರು. ಅದು ತಾಮ್ರರಿ! ನಾನು ರೊಕ್ಕ ಕೊಟ್ಟ ತಾಮ್ರ! ನನ್ನ ಗಿಡದ ಎಲಿಗೆ ಹತ್ತಬೇಕಾದ್ದು ಇವನ ಟ್ಯಾಂಕಿಗೆ ಮೆತ್ಕೊಂಡೈತಿ.

"ತುಕ್ಕು ಅದು" ಅಂದ. ತುಕ್ಕು ಅಂತ! ಮೊಳಿಲೆ ಕೆರೆದ್ರ ಫಳಫಳ ಹೊಳಿತೈತಿ, ತುಕ್ಕು ಹೊಳಿತೈತೇನ್ರಿ? ಹತ್ತನೇ ಕ್ಲಾಸ್ ವಿಜ್ಞಾನದಾಗ ಐತಿ, ಮೈಲುತುತ್ತದ ನೀರಾಗ ಕಬ್ಬಿಣದ ಮೊಳಿ ಇಟ್ರ ಕಬ್ಬಿಣ ಕರಗಿ ನೀರಿಗೆ ಹೋಗತೈತಿ, ತಾಮ್ರ ಹೊರಗ ಬಂದು ಮೊಳಿಗೆ ಕೂಡತೈತಿ, ನೀಲಿ ನೀರು ತೆಳು ಹಸಿರಾಗತೈತಿ, ಯಾಕಂದ್ರ ತಾಮ್ರಕ್ಕಿಂತ ಕಬ್ಬಿಣ ಚುರುಕು. ಕೇಜಿ ಮೈಲುತುತ್ತದಾಗ ತಾಮ್ರ ಇರೋದೇ ಸುಮಾರು 250 ಗ್ರಾಂ, ರಾತ್ರಿಯೆಲ್ಲಾ ಕಬ್ಬಿಣದಾಗ ಬಿಟ್ರ ಔಷಧಿ ಅಂತ ಏನು ಉಳಿತೈತಿ ನೀವೇ ಹೇಳ್ರಿ. ಇದನ್ನ ಹೇಳಿದ್ರ "ಪುಸ್ತಕ ಓದಿ ಒಕ್ಕಲುತನ ಆಗಂಗಿಲ್ಲ ಬಿಡ್ರಿ" ಅಂತ ಆಳುಗಳ ಮುಂದ ನಗತಾನ. ನಂದೇ ಹೊಲದಾಗ ನಿಂತು. ರೊಕ್ಕ ವಾಪಸ್ ಕೊಡು ಅಂದ್ರ "ಹೊಡೆದಾತಲ್ರಿ, ಇನ್ನೇನು". ಈಗ ಫೋನ್ ಎತ್ತಂಗಿಲ್ಲ. ಕಾಯಿ ಮ್ಯಾಲೆ ಕರಿ ಚುಕ್ಕಿ ಏಳಾಕ ಹತ್ಯಾವ, ನೋಡಿದ್ರ ಹೊಟ್ಟಿ ಉರಿತೈತಿ.

ಪ್ಲಾಸ್ಟಿಕ್ ಡ್ರಮ್‌ನಾಗ ನಿಮ್ಮ ಕಣ್ಣಮುಂದ, ಹೊಡಿಯೋ ದಿನನೇ ಕಲಸಿಸ್ರಿ, ಕಟ್ಟಿಗಿಲೆ ತಿರುವಬೇಕು. ಜಿಐ (ಸತು ಲೇಪಿಸಿದ ಕಬ್ಬಿಣದ) ಡ್ರಮ್ ಐತಿ ಅಂದ್ರೂ ಒಪ್ಪಬ್ಯಾಡ್ರಿ, ಅದರ ಮ್ಯಾಲಿನ ಸತು ಕಬ್ಬಿಣಕ್ಕಿಂತ ಜೋರು. ಕಲಸಿದಮ್ಯಾಲೆ ಕುಡಗೋಲು ತಿಕ್ಕಿ ಒಂದು ನಿಮಿಷ ಅದ್ದಿ ನೋಡ್ರಿ, ಕೆಂಪು ಹತ್ತಿದ್ರ ಸುಣ್ಣ ಕಡಿಮಿ ಐತಿ ಅಂತ, ಇನ್ನಷ್ಟು ಹಾಕಿಸ್ರಿ. ಕಬ್ಬಿಣದ ಟ್ಯಾಂಕ್ ತಂದ್ರ ಹೊಲದ ಬದುವಿನಿಂದಲೇ ತಿರುಗಿಸಿ ಕಳಸ್ರಿ, ಅಡ್ವಾನ್ಸ್ ಅಂತೂ ಒಂದು ರೂಪಾಯಿ ಕೊಡಬ್ಯಾಡ್ರಿ.