ಅಮಿಗಾ 500ಕ್ಕೆ ಮೆಮೊರಿ: ನಾಲ್ಕು ಕಾರ್ಡ್ ಹಾಕಿ ತೆಗೆದ ಮೇಲೆ

ಪೂರ್ತಿ ಓದೋಕೆ ಪುರಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡ್ತೀನಿ. ನಿಮ್ಮ ಹತ್ರ ಕೊಮೊಡೋರ್ ಕಂಪನಿಯ ಹಳೇ ಮನೆ ಕಂಪ್ಯೂಟರ್ ಅಮಿಗಾ 500 ಇದ್ದು, ಆಟ ಆಡೋದಷ್ಟೇ ಉದ್ದೇಶವಾದರೆ, ಈಗ ಹೊಸದಾಗಿ ಮಾಡಿ ಮಾರುತ್ತಿರುವ ರೆಡಿ 512 ಕೆಬಿ ಕಾರ್ಡ್ ತಗೊಳ್ಳಿ. ಕಂಪನಿಯದೇ ಹಳೇ ಕಾರ್ಡ್ ಬೇಕು ಅಂತ ಹಟ ಬೇಡ. 8 ಎಂಬಿ ಅಂದ ತಕ್ಷಣ ಮರುಳಾಗೋದೂ ಬೇಡ. ಇಷ್ಟು ಅರ್ಥ ಆಗೋಕೆ ನನಗೆ ಎರಡು ವರ್ಷ ಹಿಡೀತು, ದುಡ್ಡೂ ಕೈಬಿಡ್ತು.

ನಮ್ಮ ಮನೆಯ ಅಮಿಗಾವನ್ನು ತಂದವರು ಚಿಕ್ಕಪ್ಪ. 1989ರಲ್ಲಿ ಕುವೈತ್‌ನಿಂದ ರಜಕ್ಕೆ ಬರುವಾಗ ತಂದರು. ಅಲ್ಲಿಯ ಟೀವಿಯೂ ಪ್ಯಾಲ್ ಅನ್ನೋ ಬಣ್ಣದ ಪದ್ಧತಿಯದು, ನಮ್ಮದೂ ಪ್ಯಾಲ್, ಹಾಗಾಗಿ ಮಾಡ್ಯುಲೇಟರ್ ಸಿಕ್ಕಿಸಿದರೆ ಮನೆ ಟೀವಿಯಲ್ಲೇ ಬಣ್ಣ ಬರುತ್ತಿತ್ತು. ಮುಂದೆ ಚಿಕ್ಕಪ್ಪ ಕೆಲಸ ಕಳ್ಕೊಂಡು ಊರಿಗೇ ಬಂದರು, ಕೊಮೊಡೋರ್ ಕಂಪನಿ 1994ರಲ್ಲಿ ದಿವಾಳಿ ಆಯ್ತು, ಯಂತ್ರ ತುಮಕೂರಿನ ಎಸ್.ಎಸ್. ಪುರಂ ಮನೆಯ ಅಟ್ಟ ಸೇರಿತು. ಹಳೇ ಕಂಬಳಿಯಲ್ಲಿ ಸುತ್ತಿಟ್ಟಿದ್ದನ್ನು ಅಟ್ಟ ಕ್ಲೀನ್ ಮಾಡೋವಾಗ ಇಳಿಸಿದೆ. ಆನ್ ಆಯ್ತು! ಫ್ಲಾಪಿ ಡ್ರೈವ್ ಸತ್ತಿತ್ತು, ಅದರ ಜಾಗಕ್ಕೆ ಪೆನ್‌ಡ್ರೈವ್ ಹಾಕುವ ಗೋಟೆಕ್ ಕೂರಿಸಿದೆ. ಆಮೇಲೆ ಶುರುವಾಗಿದ್ದು ಮೆಮೊರಿ ರಗಳೆ. ಯಂತ್ರದೊಳಗೆ ಇರೋದು 512 ಕೆಬಿ. ಹುಡುಗನಾಗಿದ್ದಾಗ ನಾನು ಆಸೆಪಟ್ಟು ಆಡೋಕಾಗದೇ ಹೋದ ಡಂಜನ್ ಮಾಸ್ಟರ್‌ಗೆ 1 ಎಂಬಿ ಬೇಕು.

ಕಾರ್ಡ್‌ಗಳ ವಿಷಯಕ್ಕೆ ಬರೋ ಮುಂಚೆ ಒಂದು ಮಾತು. ಅಮಿಗಾದಲ್ಲಿ ಮೆಮೊರಿ ಎಷ್ಟಿದೆ ಅನ್ನೋದಕ್ಕಿಂತ ಎಲ್ಲಿದೆ ಅನ್ನೋದು ಮುಖ್ಯ. ಇದನ್ನು ನಮ್ಮೂರಿನ ಲೆಕ್ಕದಲ್ಲೇ ಹೇಳ್ತೀನಿ. ಬಿ.ಎಚ್. ರಸ್ತೆ ಅಂದ್ಕೊಳ್ಳಿ. ಚಿತ್ರ ಬಿಡಿಸುವ, ಸದ್ದು ಮಾಡುವ ಚಿಪ್‌ಗಳು ಆ ರಸ್ತೆಯ ಬಸ್ಸುಗಳು, ದಾರಿ ಮೊದಲು ಅವಕ್ಕೆ. 68000 ಪ್ರೊಸೆಸರ್ ಅಂದರೆ ಸ್ಕೂಟರಿನ ನಾನು, ಸಂದಿ ಸಿಕ್ಕಾಗ ನುಗ್ಗಬೇಕು. ಯಂತ್ರದೊಳಗಿನ 512 ಕೆಬಿ, ಅಂದರೆ ಚಿಪ್ ಮೆಮೊರಿ, ಬಸ್‌ಸ್ಟಾಪಿನ ಎದುರಿನ ಮನೆ. ಯಂತ್ರದ ಹೊಟ್ಟೆಯಡಿ ಪುಟ್ಟ ಮುಚ್ಚಳ ತೆಗೆದು ಹಾಕುವ ಕಾರ್ಡ್‌ನದು ಸ್ಲೋ ಮೆಮೊರಿ. ಅದೂ ಬಿ.ಎಚ್. ರಸ್ತೆಯದೇ ಮನೆ, ಆದರೆ ಅಲ್ಲಿ ಬಸ್ ನಿಲ್ಲಲ್ಲ. ಬಸ್ಸೂ ಇಲ್ಲ, ಟ್ರಾಫಿಕ್ಕೂ ತಪ್ಪಲ್ಲ! ಪ್ರೊಸೆಸರ್ ಪಕ್ಕದಲ್ಲೇ ಕೂರುವ ಫಾಸ್ಟ್ ಮೆಮೊರಿ ಬೈಪಾಸ್ ಪಕ್ಕದ ಮನೆ. ಬಸ್ಸುಗಳಿಗೆ ಅದರ ವಿಳಾಸವೇ ಗೊತ್ತಿಲ್ಲ, ಸ್ಕೂಟರ್ ಮಾತ್ರ ಪೂರ್ತಿ 7 ಮೆಗಾಹರ್ಟ್ಸ್‌ನಲ್ಲಿ ಓಡುತ್ತೆ.

ಒಂದು ಮೋಸ ಇದೆ, ಗಮನಿಸಿ. ಅಮಿಗಾದ ಆಪರೇಟಿಂಗ್ ಸಿಸ್ಟಮ್ ವರ್ಕ್‌ಬೆಂಚ್ 1.3ರಲ್ಲಿ ಅವೈಲ್ ಅಂತ ಕಮಾಂಡ್ ಕೊಟ್ಟರೆ ಸ್ಲೋ ಮೆಮೊರಿಯನ್ನೂ ಫಾಸ್ಟ್ ಅಂತಲೇ ತೋರಿಸುತ್ತೆ. ಮೊದಲ ಸಲ ನೋಡಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಸಿಸ್‌ಇನ್ಫೋ ಅನ್ನೋ ಪ್ರೋಗ್ರಾಂ ಹಾಕಿ ವಿಳಾಸ ನೋಡಿ. ಸಿ00000 ಇಂದ ಶುರುವಾದರೆ ಅದು ಸ್ಲೋ. 200000 ಇಂದ ಶುರುವಾದರೆ ನಿಜವಾದ ಫಾಸ್ಟ್.

ಸರಿ, ಮೊದಲನೇ ಕಾರ್ಡ್. ಕೊಮೊಡೋರ್‌ನದೇ ಎ501. ಹೊರದೇಶದ ಒಬ್ಬರಿಂದ ತರಿಸಿದೆ, ಸಾಗಣೆ ಸುಂಕ ಎಲ್ಲ ಸೇರಿ ಐದು ಸಾವಿರ ದಾಟಿತು. "ಪರೀಕ್ಷಿಸಿದ್ದೇನೆ, ಚೆನ್ನಾಗಿದೆ" ಅಂತ ಬರೆದಿದ್ದರು. ಫೋಟೋದಲ್ಲಿ ಕಾರ್ಡಿಗೆ ತಗಡಿನ ಕವಚ ಇತ್ತು, ನೋಡೋಕೆ ಲಕಲಕ. ಕೈಗೆ ಬಂದ ಮೇಲೆ ಕವಚದ ಸೋಲ್ಡರ್ ಬಿಡಿಸಿ ಎತ್ತಿದೆ ನೋಡಿ, ಒಳಗೆ ಪಾಚಿ ಕಟ್ಟಿದ ಕಲ್ಯಾಣಿ! ಗಡಿಯಾರ ನಡೆಸೋಕೆ ಅದರಲ್ಲಿ 3.6 ವೋಲ್ಟಿನ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿ ಇರುತ್ತೆ, ಡೋಲು ಆಕಾರದ್ದು. ವರ್ಷಗಳಾದ ಮೇಲೆ ಅದು ಸೋರುತ್ತೆ. ಸೋರಿದ ಕ್ಷಾರ ತಾಮ್ರದ ಗೆರೆಗಳನ್ನು ತಿಂದುಕೊಂಡು ಹೋಗುತ್ತೆ, ಕನೆಕ್ಟರ್‌ವರೆಗೂ ತೆವಳುತ್ತೆ. ಹದಿನಾರು ಮೆಮೊರಿ ಚಿಪ್ ಸಾಲಾಗಿ ಕೂತಿದ್ದವು. ಬ್ಯಾಟರಿ ಹತ್ತಿರದ ಗಡಿಯಾರದ ಚಿಪ್‌ನ ಕಾಲುಗಳು ಮಾತ್ರ ಹಸಿರು ನೀಲಿಯಾಗಿ ಉದುರುತ್ತಿದ್ದವು. ಬ್ಯಾಟರಿ ಕತ್ತರಿಸಿ ಎಸೆದೆ, ನಿಂಬೆರಸ ಹಚ್ಚಿ ಬ್ರಷ್‌ನಲ್ಲಿ ಉಜ್ಜಿದೆ, ನೊರೆ ಬಂತು. ತೊಳೆದು ಒಣಗಿಸಿ ಹಾಕಿದರೆ ಮೆಮೊರಿ ಬಂತು, ಗಡಿಯಾರ ಬರಲಿಲ್ಲ. ಮೂರನೇ ವಾರ ಮೆಮೊರಿಯೂ ಕೈಕೊಟ್ಟಿತು. ಆಟದ ಮಧ್ಯೆ ಕೆಂಪು ಚೌಕಟ್ಟಿನ ಗುರು ಮೆಡಿಟೇಶನ್, ಅಂದರೆ ಅಮಿಗಾ ಕುಸಿದುಬಿದ್ದಾಗ ತೋರಿಸುವ ಸಂದೇಶ.

ಕಂಪನಿ ಮಾಲು ಅನ್ನೋ ಒಂದೇ ಕಾರಣಕ್ಕೆ ಇದಕ್ಕೆ ಜಾಸ್ತಿ ದುಡ್ಡು ಕೊಡೋರಿದ್ದಾರೆ. ಕವಚ ತೆಗೆದ ಫೋಟೋ ಕಳಿಸಿ ಅಂತ ಕೇಳಿ. ಕಳಿಸಲ್ಲ ಅಂದರೆ ಅಲ್ಲಿಗೇ ಬಿಡಿ.

ಎರಡನೇದಕ್ಕೆ ಮಂಡಿಪೇಟೆ ಪಕ್ಕದ ಗಲ್ಲಿಯ ಭಾಯ್ ಬೇಕಾಯ್ತು. ಟೀವಿ, ಮಿಕ್ಸಿ, ದೇವಸ್ಥಾನದ ಆಂಪ್ಲಿಫಯರ್ ಎಲ್ಲ ರಿಪೇರಿ ಮಾಡುವ ಅಂಗಡಿ. ಈ ಮೆಮೊರಿ ಕಾರ್ಡಿನ ಬೋರ್ಡ್ ನಕ್ಷೆ ಬಿಟ್ಟಿಯಾಗೇ ಸಿಗುತ್ತೆ. ಖಾಲಿ ಬೋರ್ಡ್ ಮಾಡಿಸಿ ತರಿಸಿದೆ, ಐದಕ್ಕಿಂತ ಕಮ್ಮಿ ಕೊಡಲ್ಲ ಅಂದರು, ಐದು ತಗೊಂಡೆ. ಚಿಪ್ ಬೇಕಲ್ಲ? ಎ501ರ ಕಾಲದಲ್ಲಿ ಹದಿನಾರು ಚಿಪ್ ಮಾಡುತ್ತಿದ್ದ ಕೆಲಸವನ್ನು ಆಮೇಲೆ ಬಂದ 44256 ಜಾತಿಯ ನಾಲ್ಕೇ ಚಿಪ್ ಮಾಡುತ್ತವೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಬೇಕೇನೋ ಅಂದ್ಕೊಂಡಿದ್ದೆ. ಭಾಯ್ ಗುಜರಿ ಡಬ್ಬ ಕೆದಕಿ ಹಳೇ ಕಂಪ್ಯೂಟರಿನ ವಿಜಿಎ ಕಾರ್ಡ್ ಒಂದನ್ನು ಎತ್ತಿ ಧೂಳು ಊದಿದರು.

"ಇದರಲ್ಲಿ ನಾಲ್ಕಿದೆ ನೋಡಿ ಸಾರ್. ಕೂಡಿದರೆ 512."

ಅದೇ ಚಿಪ್, ಅದೇ ನಾಲ್ಕು! ಸಾಕೆಟ್‌ನಿಂದ ಸ್ಕ್ರೂಡ್ರೈವರ್ ಹಾಕಿ ಮೀಟಿ ತೆಗೆದರು. ನಂಬರಿನ ಕೊನೆಗೆ 8 ಅಂತಿತ್ತು, ಅಂದರೆ 80 ನ್ಯಾನೊಸೆಕೆಂಡ್. ಅಮಿಗಾಕ್ಕೆ ಅಷ್ಟು ಚುರುಕು ಬೇಕಾಗೇ ಇಲ್ಲ, ಹೆಚ್ಚಾದರೆ ತೊಂದರೆಯೂ ಇಲ್ಲ. ಗಡಿಯಾರಕ್ಕೆ ಡೋಲು ಬ್ಯಾಟರಿ ಬದಲು 2032 ನಾಣ್ಯದ ಸೆಲ್. ಈ ಸೆಲ್ ಚಾರ್ಜ್ ಮಾಡುವಂಥದ್ದಲ್ಲ, ಹಾಗಾಗಿ ಚಾರ್ಜ್ ಹೋಗದಂತೆ ಡಯೋಡ್ ಇರಲೇಬೇಕು. ಅದೊಂದನ್ನು ಎರಡೆರಡು ಸಲ ನೋಡಿಕೊಂಡೆ.

ಸಂಜೆ ಮನೆಗೆ ತಂದು ಹಾಕಿ ಆನ್ ಮಾಡಿದರೆ ಪರದೆ ತುಂಬ ಹಸಿರು. ಎದೆ ಧಸಕ್ ಅಂತು. ಅಮಿಗಾ ಆನ್ ಆಗುವಾಗ ಹಸಿರು ತೋರಿಸಿದರೆ ಚಿಪ್ ಮೆಮೊರಿ ಕೆಟ್ಟಿದೆ ಅಂತ ಅರ್ಥ, ಅಂದರೆ ಯಂತ್ರದೊಳಗಿನದ್ದು. ಅಯ್ಯೋ, ಇರೋದೂ ಹೋಯ್ತಲ್ಲ ಅಂತ ಕಾರ್ಡ್ ಕಿತ್ತು ಆನ್ ಮಾಡಿದೆ. ಆರಾಮಾಗಿ ಕೈಯಲ್ಲಿ ಡಿಸ್ಕ್ ಹಿಡಿದ ಚಿತ್ರ ಬಂತು. ಬೆಳಿಗ್ಗೆ ಭಾಯ್ ಭೂತಗನ್ನಡಿ ಇಟ್ಟು ನೋಡಿ ನಕ್ಕರು. ಕನೆಕ್ಟರಿನ ಎರಡು ಕಾಲುಗಳ ಮಧ್ಯೆ ಕೂದಲಿನಷ್ಟು ಸೋಲ್ಡರ್ ಸೇತುವೆ.

"ನಿನ್ನೆ ಕರೆಂಟ್ ಹೋಗಿತ್ತಲ್ಲ ಸಾರ್, ಟಾರ್ಚ್‌ನಲ್ಲಿ ಹಾಕಿದ್ದು."

ಆಗಲೇ ಆ ಬಿ.ಎಚ್. ರಸ್ತೆ ಹೋಲಿಕೆ ನನಗೆ ಹೊಳೆದದ್ದು. ಕೆಳಗಿನ ಕಾರ್ಡಿನಲ್ಲಿ ಶಾರ್ಟ್ ಆದರೆ ಮೇಲಿನ ಮೆಮೊರಿ ಯಾಕೆ ಸಾಯುತ್ತೆ? ಎರಡಕ್ಕೂ ಒಂದೇ ರಸ್ತೆ, ಅದಕ್ಕೆ. ಕಾವಿಟ್ಟು ಸೇತುವೆ ಎಳೆದು ತೆಗೆದರು, ಅಮಿಗಾ ಟೆಸ್ಟ್ ಕಿಟ್ ಹಾಕಿ ರಾತ್ರಿಯಿಡೀ ಓಡಿಸಿದೆ, ಒಂದೂ ತಪ್ಪು ಬರಲಿಲ್ಲ. ಬೋರ್ಡ್, ಬಿಡಿಭಾಗ, ಭಾಯ್ ಕೂಲಿ ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗೀತು. ಓಡಾಟ ಮತ್ತು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಲೆಕ್ಕಕ್ಕೆ ಹಿಡಿದಿಲ್ಲ.

ಮೂರನೇದರ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ, ಅದೇ ಅದರ ದೊಡ್ಡ ಗುಣ. ರೆಡಿ ಕಾರ್ಡ್, ಬೆರಳಷ್ಟು ಅಗಲ, 512 ಕೆಬಿ ಪೂರ್ತಿ ಒಂದೇ ಚಿಪ್‌ನಲ್ಲಿ, ಪಕ್ಕದಲ್ಲಿ ನಾಣ್ಯದ ಸೆಲ್, ಮೆಮೊರಿ ಬೇಡವಾದಾಗ ಆಫ್ ಮಾಡೋಕೆ ಪುಟ್ಟ ಸ್ವಿಚ್. ಮೂರೂವರೆ ಸಾವಿರದ ಆಸುಪಾಸು. ಲಕೋಟೆ ಒಡೆದೆ, ಹಾಕಿದೆ, ಬಂತು. ಆ ಸ್ವಿಚ್ ಅಲಂಕಾರಕ್ಕಲ್ಲ. 1987ರ ಸುಮಾರಿನ ಕೆಲವು ಆಟಗಳು ಇರೋ ಮೆಮೊರಿಯೆಲ್ಲ ಚಿಪ್ ಮೆಮೊರಿಯೇ ಅಂತ ನಂಬಿಕೊಂಡು ಚಿತ್ರಗಳನ್ನು ಕಾರ್ಡಿನಲ್ಲಿ ಇಡುತ್ತವೆ, ಚಿತ್ರದ ಚಿಪ್‌ಗೆ ಅದು ಕಾಣಲ್ಲ, ಪರದೆ ಚೆಲ್ಲಾಪಿಲ್ಲಿ. ಆಗ ಸ್ವಿಚ್ ಆಫ್ ಮಾಡಿದರೆ ಸರಿ. ಎ501ರಲ್ಲಿ ಈ ಸ್ವಿಚ್ ಇಲ್ಲ. ಕೆಲವರು ಗಡಿಯಾರ ಇಲ್ಲದ ಅಗ್ಗದ ಕಾರ್ಡ್ ಮಾರುತ್ತಾರೆ, ಆಟಕ್ಕೆ ಅದೂ ಸಾಕು. ಅಮಿಗಾ ದಿನಾಂಕ ಎಣಿಸೋದು 1978ರ ಜನವರಿ 1ರಿಂದ. ಗಡಿಯಾರ ಇಲ್ಲದಿದ್ದರೆ ನಿಮ್ಮ ಫೈಲುಗಳು ಯಾವ ಕಾಲದವೋ ದೇವರಿಗೇ ಗೊತ್ತು.

ನಾಲ್ಕನೇದು ದುರಾಸೆ. 8 ಎಂಬಿ ಫಾಸ್ಟ್ ಮೆಮೊರಿ, ಇದೂ ರೆಡಿ ಕಾರ್ಡೇ, ಒಂಬತ್ತು ಸಾವಿರದ ಮೇಲೆ. ಇದು ಕೂರೋದು ಪ್ರೊಸೆಸರಿನ ಸಾಕೆಟ್‌ನಲ್ಲಿ. 64 ಕಾಲಿನ 68000ವನ್ನು ಕಿತ್ತು, ಆ ಜಾಗಕ್ಕೆ ಕಾರ್ಡ್ ಹಾಕಿ, ಕಾರ್ಡಿನ ಬೆನ್ನ ಮೇಲೆ 68000 ಹಾಕಬೇಕು. ಮೂವತ್ತು ವರ್ಷ ಅಲ್ಲಾಡದ ಚಿಪ್. ಆ ತುದಿ ಸ್ವಲ್ಪ, ಈ ತುದಿ ಸ್ವಲ್ಪ ಮೀಟುತ್ತಾ ಕಾಲು ಗಂಟೆ ಉಸಿರು ಬಿಗಿಹಿಡಿದಿದ್ದೆ. ಕೊಳ್ಳೋ ಮುಂಚೆ ಕಾರ್ಡಿನ ಕಾಲುಗಳ ಫೋಟೋ ನೋಡಿ. ತೆಳ್ಳಗಿನ ದುಂಡು ಕಾಲಿದ್ದರೆ ಸರಿ. ದಪ್ಪ ಚೌಕ ಕಾಲಿನ ಕಾರ್ಡ್ ಹಾಕಿದರೆ ಸಾಕೆಟ್ ಹಿಗ್ಗಿಬಿಡುತ್ತೆ, ಆಮೇಲೆ ಮೊದಲಿನ ಪ್ರೊಸೆಸರನ್ನೇ ವಾಪಸ್ ಹಾಕಿದರೂ ಸರಿಯಾಗಿ ಹಿಡಿಯಲ್ಲ. ಇನ್ನು, ಕಾರ್ಡ್ ಎತ್ತರವಾದ್ದರಿಂದ ಒಳಗಿನ ತಗಡಿನ ಮುಚ್ಚಳ ವಾಪಸ್ ಕೂರಲಿಲ್ಲ. ಅದೀಗ ಬೀರು ಮೇಲಿದೆ.

ಕೆಲಸ ಮಾಡುತ್ತಾ? ಅದ್ಭುತ, ಮಾಡಬೇಕಾದ ಜಾಗದಲ್ಲಿ. ಡಿಲಕ್ಸ್ ಪೇಂಟ್‌ನಲ್ಲಿ 640 ಅಗಲದ 16 ಬಣ್ಣದ ಚಿತ್ರ ತೆರೆದರೆ, ಪರದೆ ಮೇಲೆ ಗೆರೆ ಎಳೆಯುವಷ್ಟು ಹೊತ್ತೂ ಚಿತ್ರದ ಚಿಪ್ಪೇ ರಸ್ತೆ ತುಂಬ ಇರುತ್ತೆ, ಪ್ರೊಸೆಸರ್ ಹೆಚ್ಚುಕಮ್ಮಿ ನಿಂತೇಬಿಡುತ್ತೆ. ಸ್ಲೋ ಕಾರ್ಡ್ ಇದ್ದರೂ ಅದೇ ಪಾಡು. ಫಾಸ್ಟ್ ಹಾಕಿದ ಮೇಲೆ ಅದೇ ಕೆಲಸ ಹತ್ತಿರ ಹತ್ತಿರ ಇಮ್ಮಡಿ ಚುರುಕಾಯ್ತು. ಫೈಲ್ ಬಿಚ್ಚೋದು, ರ‍್ಯಾಮ್ ಡಿಸ್ಕಿಗೆ ತುಂಬಿಕೊಳ್ಳೋದು, ಎಲ್ಲ ಸರಾಗ.

ಆದರೆ ಡಂಜನ್ ಮಾಸ್ಟರ್ ಆಚೆಗೂ ನಾನು ಆಡುವ ಆಟಗಳಲ್ಲಿ ಕೆಲವು ಹೆಚ್ಚಿನ ಮೆಮೊರಿಯನ್ನು ಸಿ00000 ವಿಳಾಸದಲ್ಲೇ ಹುಡುಕುತ್ತವೆ. 8 ಎಂಬಿ ಇರೋದು ಬೇರೆ ಬೀದಿಯಲ್ಲಿ. ಅಷ್ಟು ಮೆಮೊರಿ ತುಂಬಿಕೊಂಡು ಕೂತ ಯಂತ್ರ, ಇನ್ನರ್ಧ ಎಂಬಿ ಇಲ್ಲ ಅಂತ ಗೊಣಗುತ್ತೆ! ಕೊನೆಗೆ ಕೆಳಗೆ 512 ಕೆಬಿ ಕಾರ್ಡೂ ಹಾಕಲೇಬೇಕಾಯ್ತು. ಅಕ್ಕನ ಮಗ ಇದರಲ್ಲಿ ಪ್ರೊಟ್ರ್ಯಾಕರ್ ಹಾಕಿಕೊಂಡು ಹಾಡು ಕಟ್ಟುತ್ತಾನೆ. "ಮಾಮ, ಈಗ ಉದ್ದುದ್ದ ಸ್ಯಾಂಪಲ್ ಹಾಕಬಹುದಾ?" ಅಂತ ಓಡಿಬಂದ. ಸ್ಯಾಂಪಲ್ ಅಂದರೆ ಹಾಡಿಗೆ ಬಳಸುವ ರೆಕಾರ್ಡ್ ಮಾಡಿದ ಸದ್ದಿನ ತುಣುಕು. ಸದ್ದಿನ ಚಿಪ್ ಓದೋದು ಚಿಪ್ ಮೆಮೊರಿ ಒಂದನ್ನೇ, ಅಲ್ಲಿ ಮೊದಲಿದ್ದಷ್ಟೇ 512 ಕೆಬಿ. ಅವನ ಮುಖ ಸಪ್ಪಗಾಯ್ತು. ಆರನೇ ಆವೃತ್ತಿಯ ಬೋರ್ಡ್, 8372ಎ ಆಗ್ನಸ್ (ಚಿಪ್ ಮೆಮೊರಿ ನೋಡಿಕೊಳ್ಳುವ ಚಿಪ್) ಇರೋ ಯಂತ್ರವಾದರೆ ಕೆಳಗಿನ ಕಾರ್ಡನ್ನೇ ಚಿಪ್ ಮೆಮೊರಿ ಮಾಡಿಕೊಂಡು 1 ಎಂಬಿ ಮಾಡಬಹುದು, ಜೆಪಿ2 ಅನ್ನೋ ಜಾಗದಲ್ಲಿ ಸೋಲ್ಡರ್ ಬದಲಿಸಿ ಒಂದು ಗೆರೆ ಕತ್ತರಿಸಬೇಕು. ನಮ್ಮದು ಐದನೇ ಆವೃತ್ತಿ, ಒಳಗಿರೋ ಹಳೇ ಆಗ್ನಸ್‌ಗೆ ಆ ಭಾಗ್ಯ ಇಲ್ಲ. ಸಂಗೀತಕ್ಕೆ ಅಂತ ಮೆಮೊರಿ ಹುಡುಕೋರು ಕಾರ್ಡಿಗಿಂತ ಮುಂಚೆ ಯಂತ್ರ ಬಿಚ್ಚಿ ಬೋರ್ಡಿನ ಮೇಲೆ ಬರೆದಿರೋದನ್ನ ಓದಿ.

ಯಾವ ಕಾರ್ಡ್ ಹಾಕಿದರೂ ಹಾಕಿದ ಮೇಲೆ ಮಲ್ಟಿಮೀಟರ್ ಹಿಡಿದು 5 ವೋಲ್ಟ್ ನೋಡಿ. 8 ಎಂಬಿ, ಗೋಟೆಕ್, ಕೆಳಗಿನ ಕಾರ್ಡ್ ಮೂರೂ ಇದ್ದಾಗ ನನ್ನ ಹಳೇ ಅಡಾಪ್ಟರ್ 4.8ಕ್ಕಿಂತ ಕೆಳಗಿಳಿದಿತ್ತು. ಕಾರ್ಡ್ ಕೆಟ್ಟಿದೆ ಅಂತ ಎರಡು ದಿನ ಕಾರ್ಡನ್ನೇ ಬೈದೆ, ತಪ್ಪು ಅಡಾಪ್ಟರಿನದು.

ಈಗ ಯಂತ್ರದಲ್ಲಿರೋದು ಭಾಯ್ ಕಾರ್ಡ್. ನಿಮಗೆ ಮೂರನೇದು ಹೇಳಿ ನಾನು ಎರಡನೇದು ಇಟ್ಟುಕೊಂಡಿದ್ದೀನಿ, ನಿಜ. ಅದರ ನಾಲ್ಕೂ ಚಿಪ್ ಸಾಕೆಟ್‌ನಲ್ಲಿವೆ, ಒಂದು ಹೋದರೆ ಸಂಜೆಯೊಳಗೆ ಬೇರೆ ಹಾಕಿಸ್ತೀನಿ. ರೆಡಿ ಕಾರ್ಡಿನ ಸೂಜಿಮೊನೆ ಕಾಲಿನ ಚಿಪ್ ಹೋದರೆ, "ಇದಕ್ಕೆ ನನ್ನ ಕಣ್ಣು ಸಾಲಲ್ಲ ಸಾರ್" ಅಂತ ಭಾಯ್ ಮೊದಲೇ ಹೇಳಿಬಿಟ್ಟಿದ್ದಾರೆ. ನಿಮ್ಮೂರಲ್ಲಿ ಇಂಥ ಅಂಗಡಿ ಇಲ್ಲ ಅಂದರೆ ಈ ಲೆಕ್ಕ ತಲೆಕೆಳಗಾಗುತ್ತೆ. ಮೂರನೇದನ್ನು ಗುಬ್ಬಿಯ ಗೆಳೆಯನಿಗೆ ಕೊಟ್ಟೆ, ಒಂದು ವರ್ಷದಿಂದ ಅವನು ಫೋನೇ ಮಾಡಿಲ್ಲ, ಅಂದರೆ ಚೆನ್ನಾಗೇ ಇದೆ. 8 ಎಂಬಿ ಡ್ರಾಯರ್‌ನಲ್ಲಿದೆ, ಚಿತ್ರ ಬಿಡಿಸೋ ಹುಚ್ಚು ಬಂದಾಗ ಹಾಕ್ತೀನಿ.

ಖಾಲಿ ಬೋರ್ಡ್ ಇನ್ನೂ ನಾಲ್ಕು ಉಳಿದಿವೆ. ಮೊನ್ನೆ ಭಾಯ್ ಫೋನ್ ಮಾಡಿ ಗುಜರಿಯಲ್ಲಿ ಇನ್ನೆರಡು ವಿಜಿಎ ಕಾರ್ಡ್ ಸಿಕ್ಕಿವೆ ಅಂದರು. ಎತ್ತಿಡಿ ಅಂದಿದ್ದೀನಿ.