ಗುಂಟೆ ದರವೋ, ಚದರಡಿ ದರವೋ?

ಕಲಬುರಗಿ ರಿಂಗ್ ರೋಡ್ ಆಚೆ ಒಬ್ಬರು ಗುಂಟೆಗೆ 8 ಲಕ್ಷ ಅಂತಾರೆ, ಇನ್ನೊಬ್ಬರು 30×40 ಸೈಟಿಗೆ 9 ಲಕ್ಷ. ಗುಂಟೆ ಅಂದರೆ 33×33, ಒಟ್ಟು 1,089 ಚದರಡಿ, ಸೈಟು 1,200. ಭಾಗಿಸಿದರೆ ಚದರಡಿಗೆ ಕ್ರಮವಾಗಿ ಸುಮಾರು 735 ಮತ್ತು 750 ರೂಪಾಯಿ. ಗುಂಟೆಯೇ ಅಗ್ಗ ಅನ್ನಬೇಡಿ. ಅದರಲ್ಲಿ ರಸ್ತೆಗೆಂದು 89 ಚದರಡಿ ಬಿಟ್ಟರೂ ದರ 800ಕ್ಕೆ ಏರುತ್ತದೆ, ಎನ್.ಎ. (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗದ ಹೊಲವಾದರೆ ಆ ಖರ್ಚು ಬೇರೆ. ಮನೆ ಕಟ್ಟುವವರಿಗೆ ಸೈಟೇ ವಾಸಿ.

ಹೊಲವನ್ನೇ ಕೊಳ್ಳುವವರು ಪಹಣಿ ಸರಿಯಾಗಿ ಓದಿ: 2.20 ಎಂದಿದ್ದರೆ ಎರಡು ಎಕರೆ 20 ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಅದು ಎರಡೂವರೆ ಎಕರೆ, ದಶಾಂಶವಲ್ಲ.

ನಕ್ಷೆ ಮೀಟರಿನಲ್ಲಿದ್ದರೆ ಚದರಡಿಗೆ ತರಲು ಚದರ ಮೀಟರನ್ನು 10.764ರಿಂದ ಗುಣಿಸಿ, 3.28ರಿಂದಲ್ಲ; ಅದು ಉದ್ದದ ಮೀಟರನ್ನು ಅಡಿಗೆ ತರುವ ಲೆಕ್ಕ. 9×12 ಮೀಟರಿನ ಜಾಗವನ್ನು ‘30×40’ ಎಂದು ಮಾರಿದರೆ 37 ಚದರಡಿ ಖೋತಾ. ನೋಂದಣಿಗೆ ಮೊದಲೇ ನಾಲ್ಕೂ ಬದಿ ಟೇಪು ಹಿಡಿಸಿ.